ಮುಳ್ಳುಸೌತೆಗೆ ರೋಗ ಬಾರದ ಬೀಜ ಅಂತ ನಿಜವಾಗಿ ಉಂಟಾ?

ಕಾವೂರು ಹಿತ್ತಿಲು

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಗಳೂರಿನ ಕಾವೂರಿನಲ್ಲಿ ಐದು ಸೆಂಟ್ಸ್ ಜಾಗದ ಮನೆ. ಹಿಂದೆ ಒಂದಿಷ್ಟು ಹಿತ್ತಿಲು, ಮೇಲೆ ಟೆರೇಸಿನಲ್ಲಿ ಗ್ರೋಬ್ಯಾಗ್. ಬಸಳೆ, ಹರಿವೆ, ಬೆಂಡೆ ಎಲ್ಲ ಹೇಗೋ ಆಗುತ್ತದೆ, ಮುಳ್ಳುಸೌತೆ ಮಾತ್ರ ಪ್ರತಿ ಮಳೆಗಾಲ ಕೈ ಕೊಡುತ್ತದೆ. ಬಳ್ಳಿ ಚಪ್ಪರಕ್ಕೆ ಏರುವವರೆಗೆ ನೋಡಲಿಕ್ಕೆ ಖುಷಿ. ಹೂ ಬಿಟ್ಟು ನಾಲ್ಕು ಮಿಡಿ ಕಾಣುವ ಹೊತ್ತಿಗೆ ಬುಡದ ಕಡೆಯ ಎಲೆಗಳಲ್ಲಿ ಹಳದಿ ಮಚ್ಚೆ ಶುರು. ಮಚ್ಚೆ ಉರುಟು ಅಲ್ಲ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಮೂಲೆ ಮೂಲೆಯಾಗಿರುತ್ತದೆ. ಆಮೇಲೆ ಅದು ಕಂದು ಬಣ್ಣಕ್ಕೆ ತಿರುಗಿ, ಎಲೆ ಅಂಚಿನಿಂದ ಮುದುಡಿ ಒಣಗಿ, ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಮೊದಲೇ ಚಪ್ಪರದಲ್ಲಿ ಬರೀ ನಾರು ನೇತಾಡುತ್ತದೆ. ಚೌತಿಗೆ ಮನೆಯದ್ದೇ ಸೌತೆಕಾಯಿ ಆಗಬೇಕು ಅಂತ ಅತ್ತೆಗೆ ಆಸೆ.

ಆನ್‌ಲೈನ್‌ನಲ್ಲಿ ನೋಡಿದರೆ ಹತ್ತಾರು ಪ್ಯಾಕೆಟ್, ಎಲ್ಲದರ ಮೇಲೂ ‘ರೋಗ ನಿರೋಧಕ’ ಅಂತ ಇದೆ. ಕೆಲವದರಲ್ಲಿ ಪಿಎಂ, ಡಿಎಂ, ಸಿಎಂವಿ ಅಂತ ಏನೇನೋ ಅಕ್ಷರ. ಬೆಲೆಯೂ ಜಾಸ್ತಿ. ಮಾವ ಹೇಳುವುದು, ಅದೆಲ್ಲ ಬೇಡ, ಊರಿನ ಬೀಜ ಹಾಕು, ಅದಕ್ಕೆ ಎಂತ ರೋಗವೂ ಬರುವುದಿಲ್ಲ ಅಂತ. ಹೋದ ಸಲ ಊರಿನ ಬೀಜವೇ ಹಾಕಿದ್ದು, ಅದಕ್ಕೂ ಬಂತು. ಮಕ್ಕಳು ಬಳ್ಳಿಯಿಂದ ಕಿತ್ತು ಹಾಗೆಯೇ ಕಚ್ಚುತ್ತಾರೆ, ಹಾಗಾಗಿ ವಿಷ ಹೊಡೆಯುವ ಮಾತಿಲ್ಲ. ನಮ್ಮ ಮಳೆಗೆ ತಡೆಯುವ ಜಾತಿ ಯಾವುದು ಅಂತ ಬೆಳೆದವರು ಹೇಳಿ ದಯವಿಟ್ಟು.


ಬ್ರಹ್ಮಾವರದ ಗದ್ದೆ

ಅಕ್ಕ, ಮೊದಲು ಒಂದು ಕೆಲಸ ಮಾಡಿ. ಮಚ್ಚೆ ಇರುವ ಎಲೆ ಒಂದನ್ನು ಸಂಜೆ ಕಿತ್ತು, ಒದ್ದೆ ಪೇಪರ್ ತುಂಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ ಇಡಿ. ಬೆಳಿಗ್ಗೆ ತೆಗೆದು ಎಲೆಯ ಅಡಿಭಾಗ ನೋಡಿ. ಮಚ್ಚೆ ಇದ್ದಲ್ಲೇ ಬೂದು ಬಣ್ಣದ, ಸ್ವಲ್ಪ ನೇರಳೆ ಛಾಯೆಯ ತುಪ್ಪಳ ಬಂದಿದ್ದರೆ ಅದು ಡೌನಿ ಮಿಲ್ಡ್ಯೂ, ಬೂಜು ರೋಗ. ನೀವು ಬರೆದ ಮೂಲೆ ಮೂಲೆ ಮಚ್ಚೆ ಓದಿದರೆ ನನಗೆ ಹೆಚ್ಚುಕಮ್ಮಿ ಅದೇ ಅನ್ನಿಸುತ್ತದೆ. ಎಲೆಯ ನರ ಅದಕ್ಕೆ ಬೇಲಿ, ದಾಟಲಿಕ್ಕೆ ಆಗುವುದಿಲ್ಲ, ಅದಕ್ಕೇ ಆ ಆಕಾರ.

ಇದು ಯಾಕೆ ಮುಖ್ಯ ಅಂದರೆ ‘ರೋಗ ನಿರೋಧಕ’ ಅನ್ನುವ ಮಾತಿಗೆ ಒಂಟಿಯಾಗಿ ಅರ್ಥವೇ ಇಲ್ಲ. ಯಾವ ರೋಗಕ್ಕೆ ಅಂತ ಕೇಳಬೇಕು. ಪಿಎಂ ಅಂದರೆ ಪೌಡರಿ ಮಿಲ್ಡ್ಯೂ, ಬೂದಿ ರೋಗ, ಎಲೆಯ ಮೇಲೆ ಬಿಳಿ ಹಿಟ್ಟು ಚೆಲ್ಲಿದ್ದು ಕಾಣುತ್ತದಲ್ಲ ಅದು. ಡಿಎಂ ಅಂದರೆ ಈ ಬೂಜು ರೋಗ. ಸಿಎಂವಿ ಅಂದರೆ ಮೊಸಾಯಿಕ್ ವೈರಸ್, ಗಿಡದ ಹೇನಿನಿಂದ ಹರಡುವುದು, ಎಲೆ ಸುಕ್ಕುಗಟ್ಟಿ ತಿಳಿ ಹಸಿರು ಕಡು ಹಸಿರು ಬೆರಕೆ ಬಣ್ಣಕ್ಕೆ ಬರುತ್ತದೆ. ಮೂರೂ ಬೇರೆ ಬೇರೆ. ಒಂದನ್ನು ತಡೆಯುವ ಗುಣ ಇನ್ನೊಂದಕ್ಕೆ ಪ್ರಯೋಜನ ಇಲ್ಲ.

ಬೂದಿ ರೋಗಕ್ಕೆ ಎಲೆ ಒದ್ದೆ ಇರಬೇಕಾಗಿಲ್ಲ, ಜೋರು ಮಳೆ ಬಂದರೆ ಅದಕ್ಕೇ ತೊಂದರೆ. ನಮ್ಮಲ್ಲಿ ಅದು ಮಳೆ ನಿಂತ ಮೇಲಿನ ಕಾಟ, ಬೇಸಿಗೆ ಸೌತೆಗೆ ಜಾಸ್ತಿ. ಬೂಜು ರೋಗ ತದ್ವಿರುದ್ಧ. ಅದರ ಬೀಜಾಣು ಮೊಳೆಯಲಿಕ್ಕೆ ಎಲೆಯ ಮೇಲೆ ಕೆಲವು ಗಂಟೆ ನೀರು ನಿಂತಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಎಲೆ ಒಣಗುವುದು ಯಾವಾಗ ಹೇಳಿ! ನಮ್ಮ ಕಡೆಯವರಿಗೆ ಅರ್ಥ ಆಗುವ ಹಾಗೆ ಹೇಳುವುದಾದರೆ ಇದು ಅಡಿಕೆಯ ಕೊಳೆರೋಗದ ನೆಂಟ. ಎರಡೂ ನೀರಿನಲ್ಲಿ ಈಜುವ ಬೀಜಾಣು ಬಿಡುವ ಒಂದೇ ಪಂಗಡದವು, ನಿಜವಾದ ಅಣಬೆ ಜಾತಿಯಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ ಪಿಎಂ ಮಾತ್ರ ಇದ್ದರೆ ನಿಮ್ಮ ಆಟಿ ತಿಂಗಳಿಗೆ ಅದರಿಂದ ಎಂತದ್ದೂ ಆಗುವುದಿಲ್ಲ. ಡಿಎಂ ಇದ್ದದ್ದನ್ನು ಹುಡುಕಿ.


ಮಲ್ಪೆ ರೋಡ್

ಸಂತೆಯಲ್ಲಿ ರಾಶಿ ರಾಶಿ ಸಿಗುತ್ತದೆ, ಒಂದು ಕೆಜಿ ತಗೊಂಡು ಬಂದು ಉಪ್ಪು ಖಾರ ಹಾಕಿ ತಿನ್ನಿ ಮಾರಾಯ್ರೆ. ಸುಮ್ನೆ ಯಾಕೆ ತಲೆಬಿಸಿ 😀


ಶಿರ್ವ ಅಜ್ಜಿಮನೆ

ಮಲ್ಪೆಯವರೇ, ಸಂತೆಯ ಸೌತೆಯಲ್ಲಿ ಕಡುಬು ಮಾಡಿ ನೋಡಿ, ಆಮೇಲೆ ಮಾತಾಡುವ.

ಕಾವೂರಿನ ತಂಗಿಗೆ: ನಿಮ್ಮ ಮಾವ ಹೇಳಿದ್ದು ಅರ್ಧ ಸರಿ. ಊರಿನ ಮುಳ್ಳುಸೌತೆಗೆ ರೋಗ ಬರುವುದೇ ಇಲ್ಲ ಅಂತಲ್ಲ, ಬಂದರೂ ಅದು ಕಾಯಿ ಕೊಟ್ಟು ಸಾಯುತ್ತದೆ. ಆದರೆ ಅದಕ್ಕೆ ಒಂದು ಲೆಕ್ಕ ಉಂಟು. ನಮ್ಮಲ್ಲಿ ಹಿಂದಿನವರು ಮುಳ್ಳುಸೌತೆ ಬೀಜ ಹಾಕುತ್ತಿದ್ದದ್ದು ಮೇ ತಿಂಗಳಲ್ಲಿ, ಮೊದಲಿನ ಗುಡುಗು ಮಳೆ ಬಿದ್ದ ಕೂಡಲೇ. ಬಿತ್ತಿದ ಮೇಲೆ ಕಾಯಿ ಕೊಯ್ಯಲಿಕ್ಕೆ ಒಂದೂವರೆ ತಿಂಗಳ ಮೇಲೆ ಬೇಕು. ಮೇ ಮಧ್ಯದಲ್ಲಿ ಹಾಕಿದರೆ ಜೋರು ಮಳೆ ಹಿಡಿಯುವ ಹೊತ್ತಿಗೆ ಬಳ್ಳಿಗೆ ಬಲ ಬಂದಿರುತ್ತದೆ, ಜುಲೈ ಶುರುವಿನಲ್ಲಿ ಕಾಯಿ. ಜೂನ್ ಕೊನೆಗೆ, ಮಳೆ ಧೋ ಅಂತ ಸುರಿಯುವಾಗ ಬೀಜ ಹಾಕಿದರೆ ಸಸಿಯ ಬುಡವೇ ಕೊಳೆಯುತ್ತದೆ, ಉಳಿದದ್ದು ಎಳತರಲ್ಲಿಯೇ ರೋಗಕ್ಕೆ ಸಿಕ್ಕುತ್ತದೆ. ನೀವು ಯಾವಾಗ ಹಾಕಿದ್ದು ಅಂತ ಬರೆಯಲಿಲ್ಲ.

ಜಾಗ ಏರು ಮಾಡಿ. ನಮ್ಮ ಕೆಂಪು ಮುರ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಡಿಯಲ್ಲಿ ಪಾದೆ (ಬಂಡೆ) ಇದ್ದರೆ ಬುಡದಲ್ಲಿ ನೀರು ನಿಂತೇ ನಿಲ್ಲುತ್ತದೆ. ಮೊಣಕಾಲಿನ ಅರ್ಧದಷ್ಟು ಎತ್ತರಕ್ಕೆ ಮಣ್ಣು ಎಳೆದು, ಸುಡುಮಣ್ಣು ಮತ್ತು ಹಳೆಯ ಹಟ್ಟಿಗೊಬ್ಬರ ಬೆರೆಸಿ, ಅದರ ಮೇಲೆ ಬೀಜ ಊರಿ. ಸುಡುಮಣ್ಣು ಈಗ ಯಾರೂ ಮಾಡುವುದಿಲ್ಲ, ಮಂಗಳೂರು ಪೇಟೆಯಲ್ಲಿ ಹೊಗೆ ಹಾಕಿದರೆ ನೆರೆಕರೆಯವರು ಬೈಯ್ಯುತ್ತಾರೆ, ಅದೂ ಗೊತ್ತು. ಸಿಗದಿದ್ದರೆ ಸ್ವಲ್ಪ ಒಲೆ ಬೂದಿ ಆದರೂ ಸೇರಿಸಿ, ನಮ್ಮ ಮಣ್ಣಿನ ಹುಳಿ ಕಡಿಮೆ ಆಗುತ್ತದೆ.

ಕಡಲೆ ಹಿಂಡಿ ಕೊಳೆಸಿದ ನೀರು ವಾರ ವಾರ ಹೊಯ್ಯುವವರು ಇದ್ದಾರೆ. ಎಲೆ ದಪ್ಪ ದಪ್ಪ, ಕಡು ಹಸಿರು, ಚಪ್ಪರ ತುಂಬ ಹಬ್ಬಿಕೊಂಡು ನೋಡಲಿಕ್ಕೆ ಚಂದ. ಒಳಗೆ ಗಾಳಿಯೇ ಆಡುವುದಿಲ್ಲ. ಅಂಥ ಚಪ್ಪರಕ್ಕೆ ರೋಗ ಹಿಡಿದರೆ ವಾರದಲ್ಲಿ ಎಲ್ಲ ಖಲಾಸ್. ಬಳ್ಳಿ ಚಪ್ಪರ ಮುಟ್ಟಿದ ಮೇಲೆ ಬುಡದ ಹಳೆ ಎಲೆ ನಾಲ್ಕೈದು ತೆಗೆಯಿರಿ, ಮಣ್ಣು ರಟ್ಟುವುದು ಅದಕ್ಕೇ ಮೊದಲು. ಬುಡಕ್ಕೆ ತರಗೆಲೆ ಹಾಸಿ.


ಸುರತ್ಕಲ್ ಟೆರೇಸು

ಶಿರ್ವದ ಅಕ್ಕ ಹೇಳಿದ್ದು ಹಿತ್ತಿಲಿಗೆ ಸರಿ. ಆದರೆ ಊರಿನ ಬೀಜ ಅಂದ ಮಾತ್ರಕ್ಕೆ ಗಟ್ಟಿ ಅಂತ ನಾನು ಒಪ್ಪುವುದಿಲ್ಲ. ‘ಊರಿನ ಬೀಜ’ ಅಂತ ಮಾರುವುದರಲ್ಲಿ ಎಷ್ಟೋ ಸಲ ಯಾವುದೋ ಹೈಬ್ರಿಡ್ ಕಾಯಿಯಿಂದ ತೆಗೆದ ಬೀಜ ಇರುತ್ತದೆ. ಅದರಿಂದ ಬರುವ ಬಳ್ಳಿ ಒಂದೊಂದು ಒಂದೊಂದು ಥರ.

ಪ್ಯಾಕೆಟ್ ಓದುವುದು ಹೇಗೆ ಅಂತ ಹೇಳುತ್ತೇನೆ. ಒಳ್ಳೆಯ ಕಂಪನಿಗಳು ಎರಡು ಮಟ್ಟ ಬರೆಯುತ್ತವೆ. ಎಚ್‌ಆರ್ ಅಂದರೆ ಹೆಚ್ಚಿನ ನಿರೋಧಕ ಶಕ್ತಿ, ಐಆರ್ ಅಂದರೆ ಮಧ್ಯಮ. ಬೂಜು ರೋಗಕ್ಕೆ ಡಿಎಂ ಬದಲು ಪಿಸಿಯು ಅಂತಲೂ, ಬೂದಿ ರೋಗಕ್ಕೆ ಪಿಎಕ್ಸ್ ಅಂತಲೂ ಇರಬಹುದು, ಅದು ರೋಗಾಣುವಿನ ಹೆಸರಿನ ಸಂಕ್ಷೇಪ. ಬೂಜು ರೋಗಕ್ಕೆ ಸಾಮಾನ್ಯವಾಗಿ ಕಾಣುವುದು ಐಆರ್. ಅಂದರೆ ರೋಗ ಬರುತ್ತದೆ, ತಡವಾಗಿ ಬರುತ್ತದೆ, ನಿಧಾನ ಹರಡುತ್ತದೆ. ಆ ಎರಡು ಮೂರು ವಾರದಲ್ಲಿಯೇ ನಮಗೆ ಸಿಗಬೇಕಾದ ಕಾಯಿ ಸಿಗುವುದು. ಯಾವ ರೋಗ ಅಂತಲೇ ಬರೆಯದೆ ಬರೀ ‘ರೋಗ ನಿರೋಧಕ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ ಪ್ಯಾಕೆಟನ್ನು ನಾನು ಮುಟ್ಟುವುದಿಲ್ಲ.

ಹಳೆಯ ಜಾತಿಗಳಲ್ಲಿ ಪಾಯಿನ್‌ಸೆಟ್ ಅಂತ ಒಂದು ಉಂಟು, ನಮ್ಮ ದೇಶದಲ್ಲಿಯೂ ಬಹಳ ಕಾಲದಿಂದ ಬೆಳೆಯುತ್ತಾರೆ. ಇದರ ಕಥೆ ಮಜಾ ಉಂಟು. ಅಮೆರಿಕದ ಸೌತ್ ಕರೊಲಿನಾದಲ್ಲಿ 1950ರ ದಶಕದಲ್ಲಿ ಬೂಜು ರೋಗಕ್ಕೆ ತಡೆ ಹುಡುಕುವಾಗ ಅವರಿಗೆ ಸಿಕ್ಕಿದ್ದು ಭಾರತದಿಂದ ಹೋದ ಒಂದು ಸೌತೆ, ಅಲ್ಲಿನ ಬೀಜ ಸಂಗ್ರಹದಲ್ಲಿ ಅದರ ನಂಬರ್ ಪಿಐ 197087. ಅದನ್ನು ಅಲ್ಲಿನ ಸೌತೆಗೆ ಕೂಡಿಸಿ ಮಾಡಿದ ಜಾತಿಗಳಲ್ಲಿ ಪಾಯಿನ್‌ಸೆಟ್ ಒಂದು, 1966ರದ್ದು. ಅಂದರೆ ಇಲ್ಲಿಂದ ಹೋದ ಗುಣವೇ ಅಮೆರಿಕ ಸುತ್ತಿ, ಪ್ಯಾಕೆಟ್ ಆಗಿ ನಮ್ಮ ಅಂಗಡಿಗೆ ಬಂದದ್ದು. ಆ ಒಂದು ತಡೆಯ ಮೇಲೆ ಅಮೆರಿಕದ ಸೌತೆ ಬೆಳೆಗಾರರು ದಶಕಗಟ್ಟಲೆ ನೆಮ್ಮದಿಯಲ್ಲಿದ್ದರು. 2004ರಲ್ಲಿ ಅಲ್ಲಿನ ಪೂರ್ವ ಭಾಗದಲ್ಲಿ ಬೂಜು ರೋಗದ ಹೊಸ ತಳಿ ಬಂದು ಆ ತಡೆ ಮುರಿಯಿತು. ಹಾಗಾಗಿ ಯಾವ ಪ್ಯಾಕೆಟಿನ ಮಾತೂ ಶಾಶ್ವತ ಅಲ್ಲ.

ಪಾಯಿನ್‌ಸೆಟ್ ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ನಾನು ಟೆರೇಸಿನಲ್ಲಿ ಇದನ್ನೇ ಹಾಕುವುದು. ಒಂದು ವಿಷಯ ಗಮನಿಸಿ: ಈ ಬಗೆಯ ತಡೆ ಇರುವ ಬಳ್ಳಿಯ ಎಲೆಯಲ್ಲಿಯೂ ಚಿಕ್ಕ ಚಿಕ್ಕ ಕಂದು ಚುಕ್ಕೆ ಬೀಳುತ್ತವೆ. ರೋಗಾಣು ಹೊಕ್ಕಿದಲ್ಲಿ ಎಲೆಯೇ ಅಷ್ಟು ಜಾಗವನ್ನು ಸಾಯಿಸಿ ಮುಂದೆ ಹೋಗದ ಹಾಗೆ ಮಾಡುವುದು ಅದು. ಅಡಿಯಲ್ಲಿ ತುಪ್ಪಳ ಕಡಿಮೆ ಇರುತ್ತದೆ, ಇಲ್ಲವೇ ಇರುವುದಿಲ್ಲ. ಚುಕ್ಕೆ ನೋಡಿ ಹೆದರಿ ಬಳ್ಳಿ ಕಿತ್ತು ಹಾಕಬೇಡಿ.

ಮತ್ತೆ ಬೀಜಕ್ಕಿಂತ ಜಾಸ್ತಿ ಉಪಕಾರ ಆದದ್ದು ಮೇಲಿನ ಶೀಟು. ಚಪ್ಪರದ ಮೇಲೆ ಪಾರದರ್ಶಕ ಯುವಿ ಶೀಟ್ ಇಳಿಜಾರಾಗಿ ಕಟ್ಟಿ, ನಾಲ್ಕೂ ಬದಿ ಓಪನ್. ಎಲೆಗೆ ಮಳೆ ನೀರು ತಾಗದಿದ್ದರೆ ಈ ರೋಗಕ್ಕೆ ದಾರಿ ತುಂಬ ಕಡಿಮೆ. ಬದಿ ಮುಚ್ಚಬೇಡಿ, ಗಾಳಿ ಬೇಕು, ಜೇನು ನೊಣವೂ ಬರಬೇಕು. ಜೇನು ಬಾರದಿದ್ದರೆ ಬೆಳಿಗ್ಗೆ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿಗೆ ಮುಟ್ಟಿಸಿ. ನಿಮ್ಮಲ್ಲಿ ಟೆರೇಸ್ ಇದೆ ಅಂದಿರಲ್ಲ, ಹಿತ್ತಿಲಿಗಿಂತ ಅಲ್ಲಿಯೇ ಇದು ಸುಲಭ. ಶೀಟ್ ಗಾಳಿಗೆ ಹಾರದ ಹಾಗೆ ಗಟ್ಟಿ ಕಟ್ಟಿ, ನಮ್ಮದು ಒಮ್ಮೆ ಪಕ್ಕದ ಮನೆಯ ತೆಂಗಿನ ಮರ ಹತ್ತಿ ಕೂತಿತ್ತು.


ಕಾವೂರು ಹಿತ್ತಿಲು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಕವರ್ ಪರೀಕ್ಷೆ ಮಾಡಿದೆ. ಈಗ ಇದ್ದದ್ದು ಒಂದೇ ಬಳ್ಳಿ, ಅದರ ಎಲೆಯಲ್ಲಿ ಬೆಳಿಗ್ಗೆ ನೋಡುವಾಗ ಅಡಿಯಲ್ಲಿ ಬೂದು ಬಣ್ಣದ ಪುಡಿ ಥರ, ಬೆರಳಿನಿಂದ ಒರೆಸಿದರೆ ಬಂತು. ಮೇಲೆ ಎಂತದ್ದೂ ಇಲ್ಲ. ಬೂಜು ರೋಗವೇ ಅಲ್ವಾ?

ಶಿರ್ವದ ಅಕ್ಕ, ನಾವು ಬೀಜ ಹಾಕುವುದು ಮಕ್ಕಳ ಶಾಲೆ ಶುರುವಾದ ಮೇಲೆ, ಜೂನ್ ಮಧ್ಯದಲ್ಲಿ. ಮೇ ತಿಂಗಳಲ್ಲಿ ಮದುವೆ, ಕೋಲ, ನೇಮ ಅಂತ ಊರಿಗೆ ಓಡಾಟವೇ ಜಾಸ್ತಿ.

ಇನ್ನೊಂದು ಪ್ರಶ್ನೆ. ನಮ್ಮ ತಂದೆ ಮನೆ ಬೆಳ್ತಂಗಡಿ ಕಡೆ, ಅಡಿಕೆಗೆ ಮದ್ದು ಬಿಡುವಾಗ ಬೋರ್ಡೋ ಉಳಿಯುತ್ತದೆ. ಕೊಳೆರೋಗದ ನೆಂಟ ಅಂತ ಬ್ರಹ್ಮಾವರದವರು ಬರೆದದ್ದು ನೋಡಿ ಅದನ್ನೇ ಸ್ವಲ್ಪ ತಂದು ಹೊಡೆದರೆ ಹೇಗೆ ಅಂತ ಅನ್ನಿಸಿತು.


ಬ್ರಹ್ಮಾವರದ ಗದ್ದೆ

ಹೌದು, ಬೂಜು ರೋಗವೇ.

ಬೋರ್ಡೋ ತರಬೇಡಿ. ನಿಮ್ಮ ಯೋಚನೆ ತಪ್ಪಲ್ಲ, ಬೋರ್ಡೋ ಹೆಸರಾದದ್ದೇ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, ದ್ರಾಕ್ಷಿಯ ಬೂಜು ರೋಗ ತಡೆಯಲಿಕ್ಕೆ. ಆದರೆ ಅಡಿಕೆಗೆ ಬಿಡುವುದು ಶೇಕಡಾ 1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅಡಿಕೆ ಗೊನೆ ಅದನ್ನು ತಡೆದುಕೊಳ್ಳುತ್ತದೆ. ಸೌತೆ, ಹೀರೆ, ಸೋರೆ ಈ ಬಳ್ಳಿ ಜಾತಿಯ ಎಳೆ ಎಲೆಗೆ ತಾಮ್ರ ಆಗಿ ಬರುವುದಿಲ್ಲ, ಅಂಚು ಸುಡುತ್ತದೆ, ಅದೂ ಮೋಡದ ಹವೆಯಲ್ಲಿ ಎಲೆ ಬೇಗ ಒಣಗದಿದ್ದಾಗ ಜಾಸ್ತಿ. ಮಾಡಿದ ದಿನವೇ ಬಳಸದೆ ಉಳಿಸಿ ಇಟ್ಟ ಬೋರ್ಡೋ ಹೇಗೂ ಕೆಲಸಕ್ಕೆ ಬಾರದು. ಮತ್ತೆ ಅದು ರೋಗ ಬರುವ ಮೊದಲು ಎಲೆಗೆ ಹೊದಿಕೆಯಾಗಿ ಕೂರುವಂಥದ್ದು, ಬಂದ ರೋಗ ವಾಸಿ ಮಾಡುವುದಿಲ್ಲ. ಮಕ್ಕಳು ಬಳ್ಳಿಯಿಂದಲೇ ತಿನ್ನುವ ಮನೆಯಲ್ಲಿ ಬೇಡವೇ ಬೇಡ.

ಹಾಲು ನೀರು ಬೆರೆಸಿ ಹೊಡೆಯಿರಿ ಅಂತಲೂ ಯಾರಾದರೂ ಹೇಳುತ್ತಾರೆ. ಅದು ಬೂದಿ ರೋಗಕ್ಕೆ, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು, ಬಿಸಿಲು ಇರುವಾಗ. ಬೂಜು ರೋಗಕ್ಕೆ ಅದನ್ನು ನಂಬಿ ಕೂರಬೇಡಿ.

ಇನ್ನೊಂದು, ಈ ರೋಗಾಣು ಜೀವ ಇರುವ ಎಲೆಯ ಮೇಲೆ ಮಾತ್ರ ಬದುಕುವುದು. ಹಾಗಾಗಿ ‘ಮಣ್ಣು ಬದಲಿಸಿ’, ‘ಜಾಗ ಬದಲಿಸಿ’ ಅನ್ನುವ ಸಲಹೆ ಬುಡ ಕೊಳೆ, ಸೊರಗು ರೋಗಕ್ಕೆ ಸರಿ, ಇದಕ್ಕೆ ಅಲ್ಲ. ಇದು ಗಾಳಿಯಲ್ಲಿ ಬರುವುದು, ಪಕ್ಕದ ಮನೆಯ ಹೀರೆ ಬಳ್ಳಿಯಿಂದಲೂ ಬರಬಹುದು. ನಿಮ್ಮ ಈಗಿನ ಬಳ್ಳಿಯಲ್ಲಿ ಕಾಯಿ ಮುಗಿದಿದ್ದರೆ ಇಂದೇ ಕಿತ್ತು ಬಿಸಿಲಿಗೆ ಒಣಗಲಿಕ್ಕೆ ಹಾಕಿ. ಹೊಸ ಸಸಿ ಬರುವಾಗ ಹಳೆ ಬಳ್ಳಿ ಪಕ್ಕದಲ್ಲಿ ಇರಬಾರದು.

ಚೌತಿಗೆ ಕಾಯಿ ಬೇಕಾದರೆ ಎರಡು ಕಂತಿನಲ್ಲಿ ಬಿತ್ತಿ. ಒಂದು ಮೇ ಮಧ್ಯದಲ್ಲಿ ಹಿತ್ತಿಲಿನಲ್ಲಿ, ಊರಿನ ಬೀಜ. ಮದುವೆ, ನೇಮ ಇದ್ದರೂ ಬೀಜ ಊರಲಿಕ್ಕೆ ಅರ್ಧ ಗಂಟೆ ಸಾಕು, ಬೆಳಿಗ್ಗೆ ಸಂಜೆ ನೀರು ಹಾಕಲಿಕ್ಕೆ ಮಾವನಿಗೆ ಹೇಳಿ. ಇನ್ನೊಂದು ಜುಲೈ ಮೊದಲ ವಾರ, ಟೆರೇಸಿನಲ್ಲಿ ಶೀಟಿನ ಅಡಿ, ಡಿಎಂ ಇರುವ ಬೀಜ. ಶೀಟು ಇಲ್ಲದೆ ಎರಡನೆಯದ್ದಕ್ಕೆ ಕೈ ಹಾಕಬೇಡಿ. ಕೃಷಿ ವಿಜ್ಞಾನ ಕೇಂದ್ರ ನಿಮಗೆ ಮಂಗಳೂರಿನಲ್ಲಿಯೇ ಉಂಟು, ಕಂಕನಾಡಿಯಲ್ಲಿ. ಎಲೆ ಒಂದು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ ತೋರಿಸಿ.


ಪುತ್ತೂರು ತೋಟ

ಎಲೆಯ ವಿಷಯ ಎಲ್ಲ ಆಯಿತು, ಕಾಯಿಯ ವಿಷಯ ಯಾರೂ ಹೇಳಲಿಲ್ಲ. ಮಿಡಿ ಸೊಟ್ಟ ಆಗಿ, ಒಂದು ಕಡೆ ಸಣ್ಣ ತೂತು, ಅದರಿಂದ ಅಂಟು ಒಸರಿ, ಆಮೇಲೆ ಹಳದಿಯಾಗಿ ಕೊಳೆತು ಬಿದ್ದರೆ ಅದು ರೋಗ ಅಲ್ಲ, ಹಣ್ಣು ನೊಣ. ಕೊಯ್ದು ನೋಡಿದರೆ ಒಳಗೆ ಬಿಳಿ ಹುಳ. ಯಾವ ನಿರೋಧಕ ಬೀಜವೂ ಇದಕ್ಕೆ ಉಪಯೋಗ ಇಲ್ಲ. ಮಾವಿನ ನೊಣಕ್ಕೆ ಕಟ್ಟುವ ಬಲೆಯಲ್ಲ, ಸೌತೆ ಜಾತಿಗೆ ಬೇರೆ, ಕ್ಯೂಲೂರ್ ಅಂತ ಕೇಳಿ. ಹೂ ಬಿಡುವ ಮೊದಲೇ ಕಟ್ಟಿ. ಅದು ಗಂಡು ನೊಣವನ್ನು ಮಾತ್ರ ಹಿಡಿಯುವುದು, ಹಾಗಾಗಿ ಜೊತೆಗೆ ಮಿಡಿಗೆ ಪೇಪರ್ ತೊಟ್ಟೆ ಕಟ್ಟಿದರೆ ಮನೆ ಖರ್ಚಿಗೆ ಬೇಕಾದಷ್ಟು ಉಳಿಯುತ್ತದೆ. ಬಿದ್ದ ಕಾಯಿ ಗೊಬ್ಬರ ಗುಂಡಿಗೆ ಹಾಕಬೇಡಿ, ಹುಳ ಮಣ್ಣಿಗೆ ಇಳಿದು ಅಲ್ಲಿಯೇ ಮತ್ತೆ ನೊಣ ಆಗುತ್ತದೆ. ಬಕೆಟ್ ನೀರಿನಲ್ಲಿ ಮುಳುಗಿಸಿ ಇಡಿ.


ಕಾವೂರು ಹಿತ್ತಿಲು

ಓಹೋ, ಸೊಟ್ಟ ಕಾಯಿ ಅದಾ! ಕ್ಯೂಲೂರ್ ಬರೆದುಕೊಂಡೆ.

ಕೊನೆಯದ್ದು ಒಂದು. ಮಂಗಳೂರು ಸೌತೆಯೂ ಹಾಕುವ ಯೋಚನೆ ಉಂಟು, ಸಾಂಬಾರಿಗೆ. ಮುಳ್ಳುಸೌತೆಯ ಪಕ್ಕದಲ್ಲಿ ಹಾಕಿದರೆ ಬೆರಕೆ ಆಗಿ ಬೀಜ ಹಾಳಾಗುತ್ತದಾ? ಮತ್ತೆ ಶಿರ್ವದ ಅಕ್ಕ, ಬೀಜ ಇಟ್ಟುಕೊಳ್ಳುವುದು ಹೇಗೆ ಅಂತ ಸ್ವಲ್ಪ ಹೇಳಿ.


ಶಿರ್ವ ಅಜ್ಜಿಮನೆ

ಬೆರಕೆ ಆಗುವುದಿಲ್ಲ ತಂಗಿ. ಹೆಸರು ಸೌತೆ ಆದರೂ ಮಂಗಳೂರು ಸೌತೆ ಕರಬೂಜದ ಕುಲದ್ದು, ಮುಳ್ಳುಸೌತೆ ಬೇರೆಯೇ. ಆದರೆ ಬೂಜು ರೋಗ ಎರಡಕ್ಕೂ ಬರುತ್ತದೆ, ಹಾಗಾಗಿ ಒಟ್ಟಿಗೆ ಬೇಡ. ಮಂಗಳೂರು ಸೌತೆ ನಮ್ಮಲ್ಲಿ ಭತ್ತ ಕೊಯ್ದ ಮೇಲೆ, ಗದ್ದೆ ಒಣಗಿದ ಮೇಲೆ ಹಾಕುವುದು. ಮಳೆಗಾಲಕ್ಕೆ ಕಾಯಿಯನ್ನು ಮಾಡಿನ ಅಡ್ಡಕ್ಕೆ ನೇಲಿಸಿ ಇಟ್ಟರೆ ತಿಂಗಳುಗಟ್ಟಲೆ ಹಾಳಾಗುವುದಿಲ್ಲ.

ಮುಳ್ಳುಸೌತೆ ಮುಳ್ಳುಸೌತೆಗೆ ಬೆರಕೆ ಆಗುತ್ತದೆ, ಅದು ನೆನಪಿರಲಿ. ಸುರತ್ಕಲ್ಲಿನವರ ಪಾಯಿನ್‌ಸೆಟ್ ಮೇಲೆ, ಊರಿನದ್ದು ಕೆಳಗೆ ಒಟ್ಟಿಗೆ ಹೂ ಬಿಟ್ಟರೆ ಬೀಜ ಶುದ್ಧ ಇರುವುದಿಲ್ಲ. ಬೀಜಕ್ಕೆ ಮೊದಲ ಕಂತಿನ ಕಾಯಿ ಇಡಿ.

ಯಾವ ಬಳ್ಳಿಯಲ್ಲಿ ಕಾಯಿ ದೊಡ್ಡದು ಅಂತ ನೋಡಿ ಬೀಜ ಇಡುವವರು ಜಾಸ್ತಿ. ನೋಡಬೇಕಾದ್ದು ಅದಲ್ಲ. ಪಕ್ಕದ ಬಳ್ಳಿಗಳೆಲ್ಲ ಒಣಗಿದರೂ ಯಾವುದು ಹಸಿರಾಗಿ ಉಳಿದಿದೆ, ಅದಕ್ಕೆ ಒಂದು ಬಟ್ಟೆ ಚೂರು ಕಟ್ಟಿ ಗುರುತು ಮಾಡಿ. ಅಂಥ ಎರಡು ಮೂರು ಬಳ್ಳಿಯದ್ದು ಬೇಕು, ಒಂದೇ ಬಳ್ಳಿ ಸಾಲದು. ಕಾಯಿ ಬಳ್ಳಿಯಲ್ಲಿಯೇ ಬಲಿತು ಕಂದು ಹಳದಿಗೆ ತಿರುಗಿ ಸಿಪ್ಪೆಯಲ್ಲಿ ಬಲೆ ಬಲೆ ಗೀರು ಬರಬೇಕು. ಕೊಯ್ದು ಕೆಲವು ದಿನ ಇಟ್ಟು, ಒಡೆದು, ತಿರುಳಿನ ಸಮೇತ ಬೀಜವನ್ನು ಒಂದು ದಿನ ನೀರಿನಲ್ಲಿ ಹುಳಿ ಬರಲಿಕ್ಕೆ ಬಿಡಿ. ಕಿವುಚಿ ತೊಳೆಯುವಾಗ ತೇಲುವುದು ಜೊಳ್ಳು, ಚೆಲ್ಲಿ. ಮುಳುಗಿದ್ದಕ್ಕೆ ಒಲೆ ಬೂದಿ ಉಜ್ಜಿ ನೆರಳಿನಲ್ಲಿ ಒಣಗಿಸಿ. ನಮ್ಮಲ್ಲಿ ಅಮ್ಮ ಅದನ್ನು ಬೂದಿಯ ಜೊತೆ ಅಡಿಗೆಕೋಣೆಯ ಗೋಡೆಗೆ ಬಡಿದು ಅಂಟಿಸುತ್ತಿದ್ದರು, ಮೇ ತಿಂಗಳಲ್ಲಿ ಕೆರೆದು ತೆಗೆಯುವುದು. ನಿಮ್ಮ ಟೈಲ್ಸ್ ಗೋಡೆಗೆ ಅಂಟುವುದಿಲ್ಲ, ಬಾಟ್ಲಿಯಲ್ಲಿ ಹಾಕಿ ಮುಚ್ಚಳ ಬಿಗಿ ಮಾಡಿ ಇಡಿ.

ನನ್ನ ಹತ್ತಿರ ಈ ವರ್ಷದ್ದು ಸ್ವಲ್ಪ ಉಂಟು. ಬೇಕಾದರೆ ಮೆಸೇಜ್ ಮಾಡಿ, ಉಡುಪಿಗೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಡುತ್ತೇನೆ. ಇಲ್ಲದಿದ್ದರೆ ಅಂಚೆಗೆ ಹಾಕುವ.